ಅಂಶ ಅಚ್ಚಾಯಿತು, ಛೇದ ಎಲ್ಲಿ?

ಸಂಪಾದಕರಿಗೆ ನಮಸ್ಕಾರ.

ಕಾಗದ ಉದ್ದ ಆಗಿದೆ, ಮೊದಲೇ ಹೇಳಿಬಿಡುತ್ತೇನೆ. ಜಾಗ ಇಲ್ಲ ಅಂತ ಕತ್ತರಿ ಹಾಕುವುದಾದರೆ ನನ್ನ ಮಾತಿಗೆ ಹಾಕಿ, ಅಂಕಿಗಳಿಗೆ ಹಾಕಬೇಡಿ. ನನ್ನ ತಕರಾರು ಇರುವುದೇ ಅದರ ಬಗ್ಗೆ.

ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನ ಗಣಿತ ಮೇಷ್ಟ್ರು. ಒಂಬತ್ತನೇ ಕ್ಲಾಸಿಗೆ ಸಂಖ್ಯಾಶಾಸ್ತ್ರದ ಪಾಠ ಬಂದಾಗ ಪುಸ್ತಕದ ಲೆಕ್ಕಗಳ ಜೊತೆಗೆ ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ. ಪೇಪರಿನಲ್ಲಿ 'ಅಧ್ಯಯನವೊಂದರ ಪ್ರಕಾರ' ಅಂತ ಬರುವ ಸುದ್ದಿಯನ್ನು ಕತ್ತರಿಸಿ ತರಬೇಕು, ನೋಟ್‌ಬುಕ್ಕಿಗೆ ಅಂಟಿಸಬೇಕು, ಕೆಳಗೆ ನಾಲ್ಕು ಪ್ರಶ್ನೆಗೆ ಉತ್ತರ ಬರೆಯಬೇಕು. ಯಾರು ಮಾಡಿದ ಅಧ್ಯಯನ, ಎಷ್ಟು ಜನರ ಮೇಲೆ ಮಾಡಿದ್ದು, ಯಾವ ವರ್ಷದ್ದು, ಎಲ್ಲಿ ಪ್ರಕಟ ಆಗಿದೆ. ಅಷ್ಟೇ. ಮೀನು ಹಿಡಿಯುವಷ್ಟು ಸುಲಭ ಅಂದುಕೊಂಡು ಓಡಿಹೋದ ಮಕ್ಕಳು ಮಾರನೇ ದಿನ ಸಪ್ಪೆ ಮುಖ ಹಾಕಿಕೊಂಡು ಬರುತ್ತಾರೆ. 'ಸುದ್ದಿಯಲ್ಲಿ ಇಲ್ಲ ಸಾರ್' ಅನ್ನುವುದೇ ಜಾಸ್ತಿ. ಒಬ್ಬ ಹುಡುಗಿಯಂತೂ ನಾಲ್ಕೂ ಪ್ರಶ್ನೆ ಸೇರಿಸಿ ಒಂದು ಉದ್ದದ ಬ್ರಾಕೆಟ್ ಎಳೆದು, ಅದರ ಮುಂದೆ ದೊಡ್ಡದಾಗಿ 'ಇಲ್ಲ' ಅಂತ ಬರೆದಿದ್ದಳು. ಪೂರ್ತಿ ಮಾರ್ಕ್ಸ್ ಕೊಟ್ಟೆ.

ನಿಮ್ಮ ಪತ್ರಿಕೆಯೊಂದನ್ನೇ ಅನ್ನುತ್ತಿಲ್ಲ. ಎಲ್ಲ ಪೇಪರೂ, ಎಲ್ಲ ಟಿವಿ ಚಾನೆಲ್ಲೂ ಹೀಗೇ. ಆದರೆ ನಮ್ಮ ಮನೆಗೆ ಮೂವತ್ತು ವರ್ಷದಿಂದ ಬರುತ್ತಿರುವುದು ನಿಮ್ಮದು, ಜಗಳ ಆಡುವುದಿದ್ದರೆ ಮನೆಯವರ ಹತ್ತಿರವೇ ಆಡಬೇಕು, ಅಲ್ವಾ?

2025ರ ಜೂನ್ ತಿಂಗಳನ್ನು ಹಾಸನದವರು ಯಾರೂ ಮರೆತಿಲ್ಲ. ಬೆಳಗ್ಗೆ ಎದ್ದರೆ ಹೃದಯಾಘಾತದ ಸುದ್ದಿ. ಇವತ್ತು ಒಬ್ಬರು, ನಾಳೆ ಇಬ್ಬರು, ಒಟ್ಟು ಇಷ್ಟಾಯಿತು ಅಂತ ಕ್ರಿಕೆಟ್ ಸ್ಕೋರಿನ ಹಾಗೆ ಲೆಕ್ಕ ಏರುತ್ತಾ ಹೋಯಿತು. ಮೇ, ಜೂನ್ ಸೇರಿ ಇಪ್ಪತ್ತಕ್ಕೂ ಹೆಚ್ಚು ಸಾವು. ಅದರಲ್ಲಿ ಎಳೆ ವಯಸ್ಸಿನವರೂ ಇದ್ದರು, ನೋವಿನ ವಿಷಯ, ಆ ಮನೆಗಳವರ ದುಃಖವನ್ನು ನಾನು ಅಂಕಿ ಹಿಡಿದು ಅಳೆಯಲು ಹೊರಟಿಲ್ಲ. ಆದರೆ ಆ ಲೆಕ್ಕ ಓದಿ ಊರಿಗೆ ಊರೇ ಹೆದರಿತು. ನಮ್ಮ ಸ್ಟಾಫ್ ರೂಮಿನಲ್ಲಿ ಎದೆ ಉರಿ ಬಂದ ಸಹೋದ್ಯೋಗಿಯೊಬ್ಬರು ಪಾಠ ಬಿಟ್ಟು ಮೈಸೂರಿನ ಬಸ್ಸು ಹತ್ತಿದರು. ಅಲ್ಲಿ ನೋಡಿದರೆ ಜಯದೇವದಲ್ಲಿ ಜಾತ್ರೆ, ಬೆಂಗಳೂರಿನಲ್ಲೂ ಅದೇ ಕಥೆ, ಟೆಸ್ಟ್ ಮಾಡಿಸಿಕೊಳ್ಳಲು ಬೆಳಗಿನಿಂದಲೇ ಸಾಲು. ನಿಜವಾಗಿ ಎದೆನೋವು ಬಂದವನು ಆ ಸಾಲಿನಲ್ಲಿ ಎಲ್ಲಿ ನಿಲ್ಲಬೇಕು ಹೇಳಿ?

ಆಗ ಕ್ಲಾಸಿನಲ್ಲಿ ಒಬ್ಬ ಹುಡುಗ ಕೇಳಿದ, 'ಸಾರ್, ಇಪ್ಪತ್ತು ಅಂದರೆ ಜಾಸ್ತೀನಾ?' ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ದೇಶದಲ್ಲಿ ವರ್ಷಕ್ಕೆ ಸಾವಿರ ಜನಕ್ಕೆ ಸುಮಾರು 6 ಸಾವು ಅಂತ ಹಿಡಿದರೆ ನಮ್ಮ ಜಿಲ್ಲೆಗೆ ವರ್ಷಕ್ಕೆ ಹತ್ತು ಸಾವಿರದ ಆರುನೂರು ಚಿಲ್ಲರೆ. ದಿನಕ್ಕೆ 29. ದೇಶದ ಒಟ್ಟು ಸಾವುಗಳಲ್ಲಿ ಶೇ 28ರಷ್ಟು ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಅನ್ನುವುದು 2016ರ ಅಂದಾಜು. ಆ ಲೆಕ್ಕದಲ್ಲಿ ನಮ್ಮ ಜಿಲ್ಲೆಯಲ್ಲಿ ಯಾವ ಸುದ್ದಿಯೂ ಆಗದೆ, ಯಾವ ಕ್ಯಾಮೆರಾವೂ ಬಾರದೆ, ದಿನಕ್ಕೆ ಹೆಚ್ಚುಕಮ್ಮಿ ಎಂಟು ಜನ ಇಂಥ ಕಾಯಿಲೆಯಿಂದ ಹೋಗುತ್ತಾರೆ. ಕ್ಲಾಸು ಪಿನ್ ಡ್ರಾಪ್ ಸೈಲೆಂಟ್.

ಹಾಗಂತ 'ನೋಡಿ, ಇಪ್ಪತ್ತು ಏನೂ ಅಲ್ಲ' ಅಂತ ಹೇಳಿ ಕೈ ತೊಳೆದುಕೊಳ್ಳುವುದೂ ಅಷ್ಟೇ ತಪ್ಪು. ನನ್ನ ಎಂಟರಲ್ಲಿ ಎಂಬತ್ತು ವರ್ಷದ ಅಜ್ಜನೂ ಇದ್ದಾನೆ, ಲಕ್ವ ಹೊಡೆದು ಮಲಗಿದ್ದ ಅಜ್ಜಿಯೂ ಇದ್ದಾಳೆ. ಪೇಪರಿನ ಇಪ್ಪತ್ತು ಇದ್ದಕ್ಕಿದ್ದ ಹಾಗೆ ಬಿದ್ದು ಹೋದವರದ್ದು. ಅದನ್ನೂ ಇದನ್ನೂ ಪಕ್ಕಪಕ್ಕ ಇಡಲು ಬರುವುದಿಲ್ಲ. ಸರಿಯಾಗಿ ತಿಳಿಯಬೇಕಾದರೆ ಕೇಳಬೇಕಾದ್ದು ಒಂದೇ: ಹೋದ ವರ್ಷ ಇದೇ ಮೇ, ಜೂನ್‌ನಲ್ಲಿ, ಇದೇ ವಯಸ್ಸಿನವರು, ಇದೇ ರೀತಿ ಎಷ್ಟು ಜನ ಹೋದರು? ಅದರ ಹಿಂದಿನ ವರ್ಷ? ಈ ಒಂದು ಸಾಲಿನ ಅಂಕಿ ದಿನವೂ ಏರುತ್ತಿದ್ದ ಆ ಲೆಕ್ಕದ ಪಕ್ಕದಲ್ಲಿ ಇದ್ದಿದ್ದರೆ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತಿತ್ತು, ಇಲ್ಲವೇ ನಿಜವಾಗಿ ಹೆದರಬೇಕಾದ್ದು ಇದ್ದರೆ ಅದಾದರೂ ಗೊತ್ತಾಗುತ್ತಿತ್ತು. ಭಿನ್ನರಾಶಿಯಲ್ಲಿ ಮೇಲಿನದ್ದಕ್ಕೆ ಅಂಶ, ಕೆಳಗಿನದ್ದಕ್ಕೆ ಛೇದ ಅಂತ ಐದನೇ ಕ್ಲಾಸಿನ ಮಗುವಿಗೂ ಗೊತ್ತು. ನಾವು ತಿಂಗಳುಗಟ್ಟಲೆ ಅಂಶ ಓದಿದೆವು, ಛೇದ ಯಾರೂ ಅಚ್ಚು ಹಾಕಲಿಲ್ಲ.

ಆಮೇಲೆ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಮುಂದಾಳತ್ವದಲ್ಲಿ ಸಮಿತಿ ಮಾಡಿತು. ಜುಲೈನಲ್ಲಿ ವರದಿ ಬಂತು. ಸಮಿತಿ ನೋಡಿದ್ದು 24 ಸಾವುಗಳನ್ನು. ಅದರಲ್ಲಿ 20 ಹೃದಯಕ್ಕೆ ಸಂಬಂಧಪಟ್ಟದ್ದು, 4ಕ್ಕೆ ಬೇರೆಯೇ ಕಾರಣ. ಹಿಂದಿನದಕ್ಕೆ ಹೋಲಿಸಿದರೆ ಜಿಲ್ಲೆಯಲ್ಲಿ ಅಸಹಜ ಏರಿಕೆ ಕಂಡಿಲ್ಲ ಅಂದರು. ಸರಿ. ಈ ಸುದ್ದಿ ಬಂದ ದಿನ ಅದಕ್ಕೆ ಸಿಕ್ಕ ಜಾಗ ಎಷ್ಟು, ಜೂನ್‌ನಲ್ಲಿ ಸಾವಿನ ಲೆಕ್ಕಕ್ಕೆ ಸಿಕ್ಕ ಜಾಗ ಎಷ್ಟು ಅಂತ ನನ್ನ ಮಕ್ಕಳು ಸ್ಕೇಲ್ ಹಿಡಿದು ಅಳೆದಿದ್ದಾರೆ. ಆ ಅಳತೆ ಇಲ್ಲಿ ಬರೆಯುವುದಿಲ್ಲ, ಸ್ವಲ್ಪ ಮುಜುಗರ ಆಗುತ್ತದೆ ನಿಮಗೆ.

ಇನ್ನೊಂದು, ಈ ಸಾವುಗಳಿಗೆ ಕೋವಿಡ್ ಲಸಿಕೆ ಕಾರಣವೇ ಅನ್ನುವ ಮಾತೂ ಆಗ ಎದ್ದಿತ್ತು. ಮುಖ್ಯಮಂತ್ರಿಗಳೇ ಅನುಮಾನ ಆಡಿದರು, ಕೇಂದ್ರ ಆರೋಗ್ಯ ಸಚಿವಾಲಯ ಮಾರನೇ ದಿನವೇ ಇಲ್ಲ ಅಂತು. ಇಬ್ಬರ ಹೇಳಿಕೆಯೂ ಫೋಟೊ ಸಮೇತ ಬಂತು. ಆದರೆ ಸಚಿವಾಲಯ ಆಸರೆ ಮಾಡಿಕೊಂಡ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನ ಏನು ಹೇಳುತ್ತದೆ ಅನ್ನುವುದು ಬಿಡಿಸಿ ಬರಲಿಲ್ಲ. ಅದೇನು ಗುಟ್ಟಿನ ಕಡತ ಅಲ್ಲ. 2023ರಲ್ಲೇ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಪ್ರಕಟವಾಗಿದೆ, ದುಡ್ಡು ಕೊಡದೆ ಯಾರು ಬೇಕಾದರೂ ಓದಬಹುದು. ನಾನೂ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. 47 ದೊಡ್ಡ ಆಸ್ಪತ್ರೆಗಳು, 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ ಇದ್ದಕ್ಕಿದ್ದಂತೆ ತೀರಿಕೊಂಡ 18ರಿಂದ 45 ವರ್ಷದ 729 ಜನ. ಅವರ ಒಬ್ಬೊಬ್ಬರಿಗೂ ಅದೇ ವಯಸ್ಸಿನ, ಅದೇ ಕಡೆಯ, ಬದುಕಿರುವ ನಾಲ್ಕು ಜನರನ್ನು ಹುಡುಕಿ ಹೋಲಿಸಿದ್ದಾರೆ. 729ನ್ನು 4ರಿಂದ ಗುಣಿಸಿ, 2,916. ನಾನು ಗುಣಿಸಿ ನೋಡಿದೆ, ಸರಿ ಇದೆ! ಎರಡು ಡೋಸ್ ಹಾಕಿಸಿಕೊಂಡವರಲ್ಲಿ ಹಠಾತ್ ಸಾವಿನ ಸಾಧ್ಯತೆ ಕಡಿಮೆ ಕಂಡಿತು. ಜಾಸ್ತಿ ಮಾಡಿದ್ದು ಯಾವುದು ಅಂದರೆ ಮನೆತನದಲ್ಲಿ ಹಾಗೆ ತೀರಿಕೊಂಡವರು ಇದ್ದದ್ದು, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಸಾವಿಗೆ ಮುಂಚಿನ 48 ಗಂಟೆಯಲ್ಲಿ ಮಿತಿ ಮೀರಿ ಕುಡಿದದ್ದು, ಅದೇ 48 ಗಂಟೆಯಲ್ಲಿ ಮೈ ಮುರಿಯುವಂಥ ಕಸರತ್ತು ಮಾಡಿದ್ದು. ಈ ನಾಲ್ಕು ಸಾಲಿನ ಒಂದು ಪುಟ್ಟ ಕೋಷ್ಟಕ ಹಾಕಿದ್ದರೆ ಎರಡು ಫೋಟೊಗಳ ಜಾಗದಲ್ಲಿ ಅರ್ಧ ಸಾಕಿತ್ತು. ಅಧ್ಯಯನದಲ್ಲಿ ಕೊರತೆಯೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸತ್ತವರ ವಿಷಯ ಮನೆಯವರನ್ನು ಕೇಳಿ ಬರೆದುಕೊಂಡದ್ದು, ಯಾರಿಗೆ ಎಷ್ಟು ನೆನಪಿರುತ್ತದೆ? ಆದರೆ ಆ ಕೊರತೆ ಮಾತಾಡುವುದಕ್ಕೂ ಮೊದಲು ಕೋಷ್ಟಕ ಕಣ್ಣಿಗೆ ಬೀಳಬೇಕಲ್ಲ.

ಈಗ ರಾಗಿ ವಿಷಯಕ್ಕೆ ಬರುತ್ತೇನೆ, ಇದು ನಮ್ಮ ಮನೆಯದೇ ಕಥೆ. ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಅನ್ನುವುದು. ಚಿಕ್ಕಪ್ಪನಿಗೆ ಹತ್ತು ವರ್ಷದಿಂದ ಶುಗರ್. ಒಂದು ದಿನ ಪೇಪರ್ ಮಡಚಿಕೊಂಡು ಬಂದು, 'ನೋಡೋ ಮೇಷ್ಟ್ರೇ, ರಾಗಿ ತಿಂದರೆ ಶುಗರ್ ಹೋಗುತ್ತಂತೆ, ವಿಜ್ಞಾನಿಗಳೇ ಹೇಳವ್ರೆ, ನಾನು ದಿನಾ ಎರಡು ಹಿಟ್ಟು ಉಣ್ಣೋನು, ಇನ್ನು ಈ ಮಾತ್ರೆ ಯಾಕೆ' ಅಂದರು. ಮಾತ್ರೆ ನಿಲ್ಲಿಸಿಯೂ ಬಿಟ್ಟಿದ್ದರು. ಚಿಕ್ಕಮ್ಮ ನನಗೆ ಫೋನ್ ಮಾಡಿದಾಗ ಆಗಲೇ ಮೂರು ವಾರ ಆಗಿತ್ತು.

ಆ ಸುದ್ದಿಯ ಮೂಲ ಹುಡುಕಿದೆ. ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಅನ್ನುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯವರ ಮುಂದಾಳತ್ವದಲ್ಲಿ 2021ರಲ್ಲಿ ಬಂದ ಅಧ್ಯಯನ. ಅವರು ಹೊಸದಾಗಿ ಯಾರಿಗೂ ಊಟ ಹಾಕಿ ಪರೀಕ್ಷೆ ಮಾಡಿದ್ದಲ್ಲ, ಬೇರೆ ಬೇರೆಯವರು ಮೊದಲೇ ಮಾಡಿದ್ದ 80 ಅಧ್ಯಯನಗಳನ್ನು ಒಟ್ಟು ಹಾಕಿ, ಅದರಲ್ಲಿ ಲೆಕ್ಕಕ್ಕೆ ಒದಗುವ 65ನ್ನು ಆರಿಸಿಕೊಂಡು, ಸುಮಾರು 1,000 ಜನರ ಅಂಕಿಗಳನ್ನು ಸೇರಿಸಿ ನೋಡಿದ್ದು. ರಾಗಿ ಒಂದೇ ಅಲ್ಲ, ನವಣೆ, ಸಾಮೆ, ಸಜ್ಜೆ, ಜೋಳ ಎಲ್ಲ ಇದೆ. ಸಿರಿಧಾನ್ಯ ದಿನದ ಊಟದಲ್ಲಿದ್ದ ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆ ಶೇ 12ರಿಂದ 15ರಷ್ಟು ಇಳಿಯಿತು ಅಂತ ಅವರು ಹೇಳಿದ್ದು. ಒಳ್ಳೆಯ ಸುದ್ದಿಯೇ. ಆದರೆ ಖಾಲಿ ಹೊಟ್ಟೆಯಲ್ಲಿ 150 ಇದ್ದವರಿಗೆ ಶೇ 12ರಿಂದ 15 ಇಳಿದರೆ ಎಷ್ಟಾಗುತ್ತದೆ? 130ರ ಆಸುಪಾಸು. ಮಾತ್ರೆ ಎಸೆಯುವ ಮಟ್ಟ ಅಲ್ಲ ಅದು. ಚಿಕ್ಕಪ್ಪನಿಗೆ ಪೆನ್ಸಿಲ್ ಹಿಡಿದು ಇದನ್ನು ಬರೆದು ತೋರಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇದನ್ನ ಪೇಪರ್‌ನೋರೇ ಬರೀಬೋದಿತ್ತಲ್ಲ' ಅಂದರು. ಅವರ ಈ ಮಾತು ನಿಮಗೆ ತಲುಪಿಸಲೆಂದೇ ಅರ್ಧ ಕಾಗದ ಬರೆದಿದ್ದೇನೆ ಅಂತ ಇಟ್ಟುಕೊಳ್ಳಿ.

ಇದರಲ್ಲಿ ಇನ್ನೂ ಒಂದು ಸೋಜಿಗ ಇದೆ. ಆ ಅಧ್ಯಯನ ಪ್ರಕಟವಾದ ವಿಜ್ಞಾನ ಪತ್ರಿಕೆ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬೈ ಅನ್ನುವ ಪರವಾನಗಿಯಲ್ಲಿ ಲೇಖನಗಳನ್ನು ಬಿಡುತ್ತದೆ. ಅಂದರೆ ಅದರಲ್ಲಿರುವ ಚಿತ್ರ, ಕೋಷ್ಟಕ ಯಾರು ಬೇಕಾದರೂ ಅಚ್ಚು ಹಾಕಬಹುದು, ಬರೆದವರ ಹೆಸರು, ಎಲ್ಲಿಂದ ತೆಗೆದದ್ದು, ಯಾವ ಪರವಾನಗಿ ಅನ್ನುವುದನ್ನು ಹೇಳಿದರೆ ಆಯಿತು. ಚಿತ್ರದೊಳಗಿನ ಇಂಗ್ಲಿಷ್ ಮಾತುಗಳನ್ನು ತೆಗೆದು ಕನ್ನಡ ಹಾಕಬಹುದು, ಬದಲಾಯಿಸಿದ್ದೇವೆ ಅಂತ ಒಂದು ಸಾಲು ಬರೆದರೆ ಸಾಕು. ಒಂದು ಪೈಸೆ ಖರ್ಚಿಲ್ಲ, ಯಾರ ಅನುಮತಿಗೂ ಕಾಯಬೇಕಿಲ್ಲ. ಆದರೂ ಸುದ್ದಿಯ ಪಕ್ಕದಲ್ಲಿ ಬಂದದ್ದು ಏನು? ಬಾಳೆಲೆ ಮೇಲೆ ಮುದ್ದೆ, ಪಕ್ಕದಲ್ಲಿ ಸೊಪ್ಪಿನ ಸಾರು, ಯಾವುದೋ ಹೋಟೆಲಿನ ಫೋಟೊ. ಬಾಯಲ್ಲಿ ನೀರು ಬಂತು, ಅದು ಬೇರೆ ಮಾತು.

ಇಂಥ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಒಂದು ಚೆಂದದ ಚಿತ್ರ ಇರುತ್ತದೆ. ಸೇರಿಸಿದ ಒಂದೊಂದು ಅಧ್ಯಯನಕ್ಕೆ ಒಂದೊಂದು ಅಡ್ಡಗೆರೆ, ಗೆರೆಯ ಮಧ್ಯೆ ಒಂದು ಚೌಕ, ಎಲ್ಲದರ ಕೆಳಗೆ ಒಂದು ವಜ್ರದ ಗುರುತು. ಗೆರೆ ಉದ್ದ ಇದ್ದರೆ ಆ ಅಧ್ಯಯನದ ಮಾತು ಅಷ್ಟು ಗಟ್ಟಿ ಇಲ್ಲ ಅಂತ, ಗಿಡ್ಡ ಇದ್ದರೆ ಗಟ್ಟಿ ಅಂತ. ವಜ್ರ ಅಂದರೆ ಎಲ್ಲರದ್ದೂ ಸೇರಿಸಿದ ಲೆಕ್ಕ. ಹತ್ತು ನಿಮಿಷದಲ್ಲಿ ನನ್ನ ಮಕ್ಕಳಿಗೆ ಅರ್ಥ ಆಯಿತು. ಕನ್ನಡದ ಓದುಗರಿಗೆ ಅರ್ಥ ಆಗುವುದಿಲ್ಲ, ಅಂಕಿ ಅಂದರೆ ಪುಟ ತಿರುಗಿಸುತ್ತಾರೆ ಅಂತ ನಿಮ್ಮಲ್ಲಿ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅಡಿಕೆ ಧಾರಣೆ, ಕೊಬ್ಬರಿ ಧಾರಣೆ, ಹೇಮಾವತಿಯ ಒಳಹರಿವು ಹೊರಹರಿವು ಇಷ್ಟು ಕ್ಯೂಸೆಕ್ ಅಂತ ದಿನಾ ಬೆಳಗ್ಗೆ ಕಾಫಿ ಜೊತೆ ಓದಿ, ಹೋದ ವರ್ಷ ಈ ದಿನ ಎಷ್ಟಿತ್ತು ಅಂತ ಬಾಯಲ್ಲೇ ಹೋಲಿಸುವ ಜನ ನಾವು. ನೋಡಿ, ಡ್ಯಾಮಿನ ಸುದ್ದಿಗೆ ಮಾತ್ರ ನೀವು ಗರಿಷ್ಠ ಮಟ್ಟ, ಇಂದಿನ ಮಟ್ಟ, ಕಳೆದ ವರ್ಷದ ಮಟ್ಟ ಮೂರನ್ನೂ ತಪ್ಪದೆ ಹಾಕುತ್ತೀರಿ. ನೀರಿಗೆ ಸಿಕ್ಕ ಮರ್ಯಾದೆ ಹೃದಯಕ್ಕೂ ಸಿಗಬೇಕು ಅಂತ ಕೇಳುತ್ತಿದ್ದೇನೆ.

ತಪ್ಪೆಲ್ಲ ಪತ್ರಿಕೆಯವರದ್ದೇ ಅಂದರೆ ಅನ್ಯಾಯ ಆಗುತ್ತದೆ. ಅಂಕಿ ಹುಟ್ಟುವ ಜಾಗದಲ್ಲೇ ಬೀಗ ಬಿದ್ದಿರುವುದು ಇದೆ. ಶಾಲಾ ಮಕ್ಕಳ ಆರೋಗ್ಯದ ಬಗ್ಗೆ ಒಂದು ಲೇಖನ ಓದಿ, ಅದರ ಕಚ್ಚಾ ಅಂಕಿ ಸಿಕ್ಕರೆ ಕ್ಲಾಸಿನಲ್ಲಿ ಸರಾಸರಿ, ಮಧ್ಯಾಂಕ ಹೇಳಿಕೊಡಲು ಚೆನ್ನಾಗಿರುತ್ತದೆ ಅನ್ನಿಸಿತು. ಲೇಖನದ ಕೊನೆಯಲ್ಲಿ 'ಕೋರಿದವರಿಗೆ ಮಾಹಿತಿ ನೀಡಲಾಗುವುದು' ಅಂತ ಇತ್ತು. ಕೋರಿದೆ. ಇಮೇಲ್ ಮಾಡಿದೆ, ತಿಂಗಳು ಬಿಟ್ಟು ಮತ್ತೆ ಮಾಡಿದೆ, ಮೂರನೇ ಸಲ ನನ್ನ ಶಾಲೆಯ ಹೆಸರು, ಉದ್ದೇಶ ಎಲ್ಲ ಬರೆದು, ಮಕ್ಕಳ ಹೆಸರು ಬೇಡ, ಬರೀ ಅಂಕಿ ಸಾಕು ಅಂತ ಬೇಡಿಕೊಂಡೆ. ಉತ್ತರ ಬರಲಿಲ್ಲ. ಯಾರು ಅಂತ ಹೇಳುವುದಿಲ್ಲ, ಅವರಿಗೂ ನೂರು ಕೆಲಸ ಇರುತ್ತವೆ.

ಹಳ್ಳಿ ಮೇಷ್ಟ್ರು ಅಂತ ಉತ್ತರ ಕೊಡಲಿಲ್ಲವೇನೋ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಇದು ಲೋಕದ ಪಾಡು. ಕ್ರೊಯೇಷಿಯಾದ ಸಂಶೋಧಕರು 2022ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. 'ಕೇಳಿದರೆ ಕೊಡುತ್ತೇವೆ' ಅಂತ ಬರೆದುಕೊಂಡಿದ್ದ 1,792 ಲೇಖನಗಳ ಬರಹಗಾರರಿಗೆ ಇಮೇಲ್ ಮಾಡಿ ಕೇಳಿಯೇ ನೋಡಿದರು. ಉತ್ತರ ಬರೆದವರು 254 ಜನ. ಅಂಕಿ ಕೊಟ್ಟವರು 122. ಶೇಕಡಾ ಏಳೂ ಆಗಲಿಲ್ಲ. 'ಸಾಲ ನಾಳೆ' ಅಂತ ಅಂಗಡಿಯಲ್ಲಿ ಬೋರ್ಡು ಹಾಕಿರುತ್ತಾರಲ್ಲ, ಅದೇ ಜಾತಿ ಇದು.

ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಕಥೆ ಒಂದಿದೆ, ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತೇನೆ. 2010ರಲ್ಲಿ ಅಮೆರಿಕದ ಇಬ್ಬರು ಹೆಸರಾಂತ ಅರ್ಥಶಾಸ್ತ್ರಜ್ಞರು, ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗೋಫ್, ಒಂದು ಲೇಖನ ಬರೆದರು. ಒಂದು ದೇಶದ ಸಾಲ ಅದರ ಜಿಡಿಪಿಯ ಶೇ 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ, ಸರಾಸರಿ ಸೊನ್ನೆಗಿಂತ ಕೆಳಗೆ ಶೇ 0.1 ಇರುತ್ತದೆ ಅಂದರು. ಯುರೋಪು, ಅಮೆರಿಕದಲ್ಲಿ ಸರ್ಕಾರದ ಖರ್ಚು ಕಡಿತ ಮಾಡಬೇಕು ಅನ್ನುವವರಿಗೆಲ್ಲ ಈ 90 ಮಂತ್ರ ಆಯಿತು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆ್ಯಮ್ಹರ್ಸ್ಟ್‌ನಲ್ಲಿ ಥಾಮಸ್ ಹರ್ನ್‌ಡನ್ ಅನ್ನುವ ವಿದ್ಯಾರ್ಥಿಗೆ ಒಂದು ಹೋಂವರ್ಕ್ ಸಿಕ್ಕಿತು, ಯಾವುದಾದರೂ ಒಂದು ಹೆಸರಾಂತ ಲೇಖನದ ಲೆಕ್ಕ ಮತ್ತೆ ಮಾಡಿ ತೋರಿಸು ಅಂತ. ಅವನು ಇದನ್ನು ಆರಿಸಿಕೊಂಡ. ಎಷ್ಟು ಸಲ ಮಾಡಿದರೂ ಲೆಕ್ಕ ಕೂಡಿ ಬರಲಿಲ್ಲ. ಕೊನೆಗೆ ಆ ದೊಡ್ಡವರನ್ನೇ ಕೇಳಿದ. ಅವರು ತಮ್ಮ ಎಕ್ಸೆಲ್ ಹಾಳೆಯನ್ನೇ ಕಳಿಸಿಕೊಟ್ಟರು, ಅದು ಅವರ ದೊಡ್ಡತನ, ಒಪ್ಪಬೇಕು.

ಹಾಳೆ ತೆರೆದು ನೋಡಿದರೆ ಸರಾಸರಿ ತೆಗೆಯುವಾಗ ಮೌಸ್ ಎಳೆದದ್ದು ಐದು ಸಾಲು ಮೊದಲೇ ನಿಂತುಬಿಟ್ಟಿದೆ. 20 ದೇಶಗಳಲ್ಲಿ ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಐದೂ ಲೆಕ್ಕಕ್ಕೇ ಬಂದಿಲ್ಲ. ಅದಕ್ಕಿಂತ ಜಾಸ್ತಿ ನನಗೆ ಮಜಾ ಅನ್ನಿಸಿದ್ದು ಇನ್ನೊಂದು. ಬ್ರಿಟನ್ 19 ವರ್ಷ ಅಷ್ಟು ಸಾಲದಲ್ಲಿತ್ತು, ಆ ವರ್ಷಗಳಲ್ಲಿ ಸರಾಸರಿ ಶೇ 2.4 ಬೆಳೆದಿತ್ತು. ನ್ಯೂಜಿಲೆಂಡಿನದು ಲೆಕ್ಕಕ್ಕೆ ಹಿಡಿದದ್ದು ಒಂದೇ ವರ್ಷ, 1951, ಆ ವರ್ಷ ಅದು ಶೇ 7.6 ಕುಸಿದಿತ್ತು. ಸರಾಸರಿ ತೆಗೆಯುವಾಗ ಆ 19 ವರ್ಷಕ್ಕೂ ಈ 1 ವರ್ಷಕ್ಕೂ ಒಂದೇ ತೂಕ. ಎಲ್ಲ ಸರಿ ಮಾಡಿದರೆ ಬಂದದ್ದು ಕೂಡು ಶೇ 2.2, ಕಳೆಯುವ 0.1 ಅಲ್ಲ. 2013ರಲ್ಲಿ ಹರ್ನ್‌ಡನ್ ಮತ್ತು ಅವನ ಇಬ್ಬರು ಮೇಷ್ಟ್ರುಗಳು ಇದನ್ನು ಪ್ರಕಟಿಸಿದರು. ಎಕ್ಸೆಲ್ ತಪ್ಪನ್ನು ರೈನ್‌ಹಾರ್ಟ್, ರೋಗೋಫ್ ಒಪ್ಪಿಕೊಂಡರು, ತೂಕದ ವಿಷಯದಲ್ಲಿ ವಾದ ಮುಂದುವರಿಯಿತು. ಮೂರು ವರ್ಷ ಮಂತ್ರಿಗಳೂ ಪತ್ರಿಕೆಗಳೂ ಆ ಅಂಕಿ ಹೇಳಿಕೊಂಡು ಓಡಾಡಿದರು, ಹಾಳೆ ತೆರೆದು ನೋಡಿದವನು ಹೋಂವರ್ಕ್ ಮಾಡುತ್ತಿದ್ದ ಹುಡುಗ. ಹೋಂವರ್ಕ್ ಯಾಕೆ ಸಾರ್ ಅಂತ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಶೇಕಡಾದ ಆಟ ಇನ್ನೊಂದು ಥರದ್ದು. 1995ರ ಅಕ್ಟೋಬರ್‌ನಲ್ಲಿ ಬ್ರಿಟನ್‌ನಲ್ಲಿ ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟು, ಅಂದರೆ ಶೇ 100 ಹೆಚ್ಚು ಅಂತ ಎಚ್ಚರಿಕೆ ಬಂತು. ಹೆಂಗಸರು ಹೆದರಿ ಮಾತ್ರೆ ಬಿಟ್ಟರು. ಮಾರನೇ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತ ಹೆಚ್ಚಾಯಿತು ಅಂತ ಲೆಕ್ಕ. ಆ ದುಪ್ಪಟ್ಟು ಎಲ್ಲಿಂದ ಎಲ್ಲಿಗೆ ಗೊತ್ತಾ? 7,000 ಹೆಂಗಸರಲ್ಲಿ ಒಬ್ಬರಿಗೆ ಇದ್ದದ್ದು ಇಬ್ಬರಿಗೆ. ಸುಳ್ಳು ಯಾರೂ ಹೇಳಲಿಲ್ಲ. ಶೇ 100 ಅನ್ನುವುದೂ ನಿಜ, 7,000ದಲ್ಲಿ ಇನ್ನೊಬ್ಬರು ಅನ್ನುವುದೂ ನಿಜ, ಎರಡನ್ನೂ ಒಟ್ಟಿಗೆ ಬರೆಯಲಿಲ್ಲ ಅಷ್ಟೇ.

ಹಾಂ, ಒಂದು ಒಳ್ಳೆಯ ಮಾತೂ ಹೇಳಬೇಕು. ನಮ್ಮ ರಾಜ್ಯಕ್ಕೆ ಅಂಕಿ ಹಂಚಿಕೊಳ್ಳಲು ಬರುವುದಿಲ್ಲ ಅಂತೇನೂ ಇಲ್ಲ. 2020ರಲ್ಲಿ ಕೋವಿಡ್ ಅಂಕಿಗಳನ್ನು ಯಾವ ರಾಜ್ಯ ಹೇಗೆ ಹೊರಗೆ ಕೊಡುತ್ತಿದೆ ಅಂತ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಮಾರ್ಕ್ಸ್ ಹಾಕಿದ್ದರು. 29 ರಾಜ್ಯಗಳಲ್ಲಿ ಕರ್ನಾಟಕವೇ ಮೊದಲು, ಒಂದಕ್ಕೆ 0.61. ಬಿಹಾರ, ಉತ್ತರ ಪ್ರದೇಶಕ್ಕೆ ಸೊನ್ನೆ. ನಮ್ಮ ಶಾಲೆಯಲ್ಲಾದರೆ 61 ಅಂದರೆ ಬರೀ ಫಸ್ಟ್ ಕ್ಲಾಸ್, ಡಿಸ್ಟಿಂಕ್ಷನ್ ಇಲ್ಲ, ಆದರೂ ದೇಶಕ್ಕೇ ಮೊದಲು. ದಿನಾ ಸಂಜೆ ಬರುತ್ತಿದ್ದ ಆ ಬುಲೆಟಿನ್ ನೆನಪಿದೆಯಲ್ಲ? ಜಿಲ್ಲೆವಾರು, ವಯಸ್ಸುವಾರು ಎಲ್ಲ ಇರುತ್ತಿತ್ತು. ಪಿಡಿಎಫ್‌ನಲ್ಲಿ ಬರುತ್ತಿದ್ದದ್ದು ಒಂದು ತೊಂದರೆ, ಲೆಕ್ಕಕ್ಕೆ ಬೇಕು ಅಂದರೆ ಯಾರೋ ಪುಣ್ಯಾತ್ಮರು ಕೂತು ಮತ್ತೆ ಟೈಪ್ ಮಾಡಬೇಕಿತ್ತು. ಹಾಗೆ ಮಾಡಿದ ಸ್ವಯಂಸೇವಕರು ದೇಶದ ತುಂಬ ಇದ್ದರು. ಅದೇ ಕರ್ನಾಟಕ ಅದೇ ವರ್ಷದ ಮಾರ್ಚ್‌ನಲ್ಲಿ ಕ್ವಾರಂಟೈನ್‌ನಲ್ಲಿ ಇದ್ದವರ ಮನೆ ವಿಳಾಸಗಳನ್ನೂ ಹೊರಗೆ ಬಿಟ್ಟಿತ್ತು, ಅದನ್ನೂ ಮರೆಯಬಾರದು. ಯಾವುದನ್ನು ತೆರೆದಿಡಬೇಕು, ಯಾವುದನ್ನು ಮುಚ್ಚಿಡಬೇಕು ಅನ್ನುವುದು ತಿಳಿಯದೆ ಹೋದರೆ ಹೀಗಾಗುತ್ತದೆ. ಹಾಸನದ ವಿಷಯದಲ್ಲೂ ಅಷ್ಟೇ, ತೀರಿಕೊಂಡವರ ಫೋಟೊ, ಊರು, ಮನೆತನ, ಮಕ್ಕಳೆಷ್ಟು ಎಲ್ಲ ಬಂತು, ಬೇಕಾಗಿದ್ದ ಹೋದ ವರ್ಷದ ಅಂಕಿ ಬರಲಿಲ್ಲ.

ಹಾಸನದ ವರದಿಯ ನಂತರ ರಾಜ್ಯದ ಆರೋಗ್ಯ ಸಚಿವರು ಹಠಾತ್ ಸಾವುಗಳನ್ನು ಇನ್ನು ಮುಂದೆ ಕಡ್ಡಾಯವಾಗಿ ವರದಿ ಮಾಡಬೇಕು ಅಂದಿದ್ದರು. ಒಳ್ಳೆಯದು. ಹಾಗೆ ಬರುವ ಲೆಕ್ಕ ತಿಂಗಳಿಗೊಮ್ಮೆ, ಹೆಸರು ವಿಳಾಸ ಇಲ್ಲದೆ, ಜಿಲ್ಲೆ, ವಯಸ್ಸು, ಗಂಡು ಹೆಣ್ಣು ಇಷ್ಟನ್ನು ಬಿಡಿಸಿ, ಎಕ್ಸೆಲ್‌ನಲ್ಲಿ ತೆರೆಯುವ ಹಾಗೆ ಹೊರಗೆ ಬರಬೇಕು. ನೀವು ಪತ್ರಿಕೆಯವರು ಕೇಳಿದರೆ ಕೊಡುತ್ತಾರೆ. ನಾನು ಕೇಳಿದರೆ 1,792ರ ಸಾಲಿಗೆ ಇನ್ನೊಂದು ಸೇರುತ್ತದೆ.

ಇನ್ನು ನಿಮ್ಮಿಂದಲೇ ಆಗುವ ಕೆಲಸ. ಅಧ್ಯಯನದ ಸುದ್ದಿ ಹಾಕಿದಾಗಲೆಲ್ಲ ಕೊನೆಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು. ಯಾರು, ಎಲ್ಲಿ ಪ್ರಕಟ, ಯಾವ ವರ್ಷ, ಎಷ್ಟು ಜನ, ಜನವೋ ಇಲಿಯೋ. ಇಲಿ ಅಂದೆ, ನಗಬೇಡಿ, ಇಲಿಗೆ ಕೊಟ್ಟ ಔಷಧಿಯ ಸುದ್ದಿಯಲ್ಲಿ ಇಲಿಯ ಮಾತೇ ಇಲ್ಲದ್ದನ್ನು ನನ್ನ ಮಕ್ಕಳು ಹಿಡಿದು ತಂದಿದ್ದಾರೆ. ಅಪಾಯ ಇಷ್ಟು ಪಟ್ಟು ಹೆಚ್ಚು ಅಂತ ಬರೆದರೆ ಸಾವಿರದಲ್ಲಿ ಎಷ್ಟು ಜನಕ್ಕೆ ಇದ್ದದ್ದು ಎಷ್ಟಕ್ಕೆ ಏರಿತು ಅನ್ನುವುದನ್ನೂ ಅಲ್ಲೇ ಬರೆಯಿರಿ. ನಕ್ಷೆ ಹಾಕಿದರೆ ಅಕ್ಷಗಳ ಮೇಲೆ ಅಂಕಿ ಇರಲಿ. ಒಂದು ಕೋಚಿಂಗ್ ಸೆಂಟರಿನ ಜಾಹೀರಾತಿನ ಸ್ತಂಭಾಲೇಖದಲ್ಲಿ ವೈ ಅಕ್ಷ 90ರಿಂದ ಶುರುವಾಗಿ, 92ರ ಪಕ್ಕದಲ್ಲಿ 96 ಮೂರು ಪಟ್ಟು ಎತ್ತರ ನಿಂತಿತ್ತು. ಜಾಹೀರಾತಿನವರು ಹಾಗೆ ಮಾಡುತ್ತಾರೆ ಬಿಡಿ, ಸುದ್ದಿ ಪುಟದಲ್ಲಿ ಅದೇ ನೋಡಿದಾಗ ಬೇಜಾರಾಗುತ್ತದೆ. ಮತ್ತೆ, ಬಾರ್‌ಕೋಡಿನ ಥರದ ಆ ಕ್ಯೂಆರ್ ಕೋಡನ್ನು ಕ್ವಿಜ್‌ಗೆ, ಬಹುಮಾನಕ್ಕೆ ಹಾಕುತ್ತೀರಲ್ಲ, ಅದನ್ನೇ ಮೂಲ ಲೇಖನಕ್ಕೂ ಹಾಕಿದರೆ ಓದುವವರು ಓದಿಕೊಳ್ಳುತ್ತಾರೆ. ಜಾಸ್ತಿ ಜನ ಓದುವುದಿಲ್ಲ, ಗೊತ್ತು. ಊರಿಗೊಬ್ಬ ಹರ್ನ್‌ಡನ್ ಓದಿದರೆ ಸಾಕು.

ಚಿಕ್ಕಪ್ಪ ಮಾತ್ರೆ ಮತ್ತೆ ಶುರು ಮಾಡಿದ್ದಾರೆ, ಹಿಟ್ಟೂ ಉಣ್ಣುತ್ತಿದ್ದಾರೆ. ಈ ವರ್ಷದ ಒಂಬತ್ತನೇ ಕ್ಲಾಸಿನವರು ಡಿಸೆಂಬರ್‌ನಲ್ಲಿ ಮತ್ತೆ ಪೇಪರ್ ಕತ್ತರಿಸಲು ಕೂರುತ್ತಾರೆ. ಅವರ ನೋಟ್‌ಬುಕ್ಕುಗಳಲ್ಲಿ 'ಇಲ್ಲ' ಅನ್ನುವ ಉತ್ತರ ಎಷ್ಟು ಬಂತು ಅಂತ ಎಣಿಸಿ ನಿಮಗೆ ಕಳಿಸುತ್ತೇನೆ. ಒಟ್ಟು ಎಷ್ಟು ಸುದ್ದಿ ಕತ್ತರಿಸಿದರು ಅನ್ನುವುದನ್ನೂ ಅದರ ಕೆಳಗೇ ಬರೆದಿರುತ್ತೇನೆ.

ಇಂತಿ,
ಒಬ್ಬ ಗಣಿತ ಮೇಷ್ಟ್ರು
ಚನ್ನರಾಯಪಟ್ಟಣ ತಾಲ್ಲೂಕು, ಹಾಸನ ಜಿಲ್ಲೆ